ಅಜ್ಜನ ಊರಿಗೆ ಒಂದೇ ಕಾಲವಂತೆ

ಹೋದ ವಾರ ಮಗಳು ಶಾಲೆಯಿಂದ ಒಂದು ಚಿತ್ರ ತಂದಳು. ಹಾಳೆಯ ಎಡಕ್ಕೆ ನಾಲ್ಕು ಚೌಕ. ನಾಲ್ಕರಲ್ಲೂ ಅದೇ ಮೇಪಲ್ ಮರ. ಒಂದರಲ್ಲಿ ಚಿಗುರು, ಒಂದರಲ್ಲಿ ತುಂಬು ಹಸಿರು, ಒಂದರಲ್ಲಿ ಕೆಂಪು, ಕೊನೆಯದರಲ್ಲಿ ಬರೀ ಕೊಂಬೆ, ಮೇಲೆ ಹಿಮ. ಬಲಕ್ಕೆ ಅಜ್ಜ ಅಜ್ಜಿಯ ಊರಿಗೆ ಅಂತ ಇನ್ನೂ ನಾಲ್ಕು ಚೌಕ. ಅದರಲ್ಲಿ ಒಂದನ್ನು ಮಾತ್ರ ತುಂಬಿದ್ದಳು. ಸೂರ್ಯ, ಹೆಂಚಿನ ಮನೆ, ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತ ಅಜ್ಜಿ. ಉಳಿದ ಮೂರೂ ಖಾಲಿ.

“ಯಾಕಮ್ಮ ಬಿಟ್ಟೆ?” ಅಂದೆ.

“ಅಜ್ಜನ ಊರಲ್ಲಿ ಒಂದೇ ಸೀಸನ್ ಅಲ್ವಾ ಅಪ್ಪ? ಯಾವಾಗ ಹೋದ್ರೂ ಹಾಗೇ ಇರುತ್ತೆ.”

ಅವಳ ಮಾತಲ್ಲಿ ತಪ್ಪಿರಲಿಲ್ಲ. ಎಂಟು ವರ್ಷದ ಹುಡುಗಿ ಹಿರಿಯೂರಿಗೆ ಮೂರು ಸಲ ಹೋಗಿದ್ದಾಳೆ. ಮೂರೂ ಸಲ ಡಿಸೆಂಬರ್. ಕ್ರಿಸ್‌ಮಸ್ ರಜೆಗೆ ಹೋಗಿ, ಸಂಕ್ರಾಂತಿಗೂ ನಿಲ್ಲದೆ ವಾಪಸ್. ಅವಳ ಪಾಲಿಗೆ ನಮ್ಮೂರು ಅಂದ್ರೆ ಅವರೆಕಾಯಿ, ಬೆಳಗಿನ ಚಳಿ, ಮಧ್ಯಾಹ್ನದ ಬಿಸಿಲು, ಅಷ್ಟೇ. ಆದರೆ ಆ ಮೂರು ಖಾಲಿ ಚೌಕ ನೋಡಿದಾಗ ಇನ್ನೊಂದು ಲೆಕ್ಕ ತಲೆಗೆ ಬಂತು. ನಮ್ಮೂರಲ್ಲಿ ಮಳೆ ಬೀಳೋದನ್ನ ನಾನು ನೋಡಿ ಹನ್ನೊಂದು ವರ್ಷವಾಗಿದೆ.

ಇಲ್ಲಿ ಕೆನಡಾದ ಮಿಸ್ಸಿಸಾಗಾದಲ್ಲಿ ನಮ್ಮ ಎದುರು ಮನೆಯ ಮರ ಯಾವ ವಾರ ಕೆಂಪಾಗುತ್ತೆ, ಯಾವ ವಾರ ಬೋಳಾಗುತ್ತೆ ಅಂತ ಕೇಳಿದರೆ ಥಟ್ಟನೆ ಹೇಳುತ್ತೇನೆ. ಅಪ್ಪನ ಬೆನ್ನು ಬಾಗಿದ್ದು ಯಾವಾಗ ಅಂತ ಕೇಳಿದರೆ ಗೊತ್ತಿಲ್ಲ. ಒಂದು ಡಿಸೆಂಬರಿನಲ್ಲಿ ನೆಟ್ಟಗಿತ್ತು. ಮುಂದಿನ ಸಲ ಹೋದಾಗ ಬಾಗಿತ್ತು.

ವಾರಕ್ಕೊಮ್ಮೆ, ಇಲ್ಲಿ ಶನಿವಾರ ರಾತ್ರಿ ಒಂಬತ್ತಕ್ಕೆ ಊರಿಗೆ ಫೋನ್ ಮಾಡುತ್ತೇವೆ. ಅಲ್ಲಿ ಆಗ ಭಾನುವಾರ ಬೆಳಗ್ಗೆ ಆರೂವರೆ. ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಒಂಬತ್ತೂವರೆ ಗಂಟೆಯ ಅಂತರ ಹತ್ತೂವರೆ ಆಗುತ್ತೆ. ಇದನ್ನು ಅಪ್ಪನಿಗೆ ಹೇಳೋದು ಈ ವರ್ಷವೂ ಮರೆತೆ. ಮೊನ್ನೆ ನಾವು ಫೋನ್ ಮಾಡಿದಾಗ ಅಲ್ಲಿ ಏಳೂವರೆ. ಅಪ್ಪ ಸ್ನಾನ ಮುಗಿಸಿ, ಬಿಳಿ ಅಂಗಿ ಹಾಕಿಕೊಂಡು ಒಂದು ಗಂಟೆಯಿಂದ ಫೋನ್ ಮುಂದೆ ಕೂತಿದ್ದರಂತೆ. ಕಾಫಿಯನ್ನೂ ಕುಡಿಯದೆ. ಅವರು ಹೇಳಲಿಲ್ಲ, ಅಮ್ಮ ಹೇಳಿದ್ದು.

ಮಗಳು ಹಾಳೆಯನ್ನು ಕ್ಯಾಮೆರಾ ಮುಂದೆ ಹಿಡಿದಳು. ಅಪ್ಪ ಕನ್ನಡಕ ಏರಿಸಿ ನೋಡಿದರು.

“ನಾಕೇ ಕಾಲಾನಾ ನಿಮ್ಮೂರಿಗೆ? ನಮಗೆ ಬರೀ ಮಳೇನೇ ಹದಿನಾರು ಐತೆ ಕಣವ್ವ.”

ಬಯಲುಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ನಡುವೆ ಅಶ್ವಿನಿ ಹುಟ್ಟಿದರೆ, ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ, ಒಂದೊಂದಕ್ಕೂ ಒಂದು ನಕ್ಷತ್ರದ ಹೆಸರು. ನವೆಂಬರಿನಲ್ಲಿ ವಿಶಾಖೆಯ ತನಕ. ಮಳೆ ಬರಲಿ, ಬಿಡಲಿ, ಹೆಸರಂತೂ ಬಂದೇ ಬರುತ್ತೆ. ಅಪ್ಪ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತಾ ಶುರು ಮಾಡಿದರು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ...

ಅಲ್ಲಿಗೆ ಹೆಬ್ಬೆರಳು ನಿಂತಿತು.

“ಮಘೆ ಆಯ್ತು... ಮಘೆ ಆದ್ಮೇಲೆ...”

ನೆಟ್‌ವರ್ಕ್ ಹೋಯಿತು ಅಂದುಕೊಂಡೆ. ಹೋಗಿರಲಿಲ್ಲ. ಅವರ ಹಿಂದೆ ಗೋಡೆಯ ಮೇಲೆ ಕ್ಯಾಲೆಂಡರ್ ಗಾಳಿಗೆ ಅಲ್ಲಾಡುತ್ತಿತ್ತು. ಒಳಗಿಂದ ಅಮ್ಮನ ದನಿ ಬಂತು. “ಹುಬ್ಬೆ.”

“ಹ್ಞಾ, ಹುಬ್ಬೆ,” ಅಂದು ಅಪ್ಪ ಮುಂದುವರಿಸಿದರು. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಮಗಳಿಗೆ ಏನೂ ಗೊತ್ತಾಗಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರೆತದ್ದು ಬೇರೆ ಯಾವ ಮಳೆಯಾಗಿದ್ದರೂ ಇಷ್ಟು ಕಾಡುತ್ತಿರಲಿಲ್ಲವೇನೋ. ನಮ್ಮ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, ಕಟ್ಟಿ ಮುಗಿದದ್ದು 1907ರಲ್ಲಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ನಮ್ಮ ತಾತ ಹುಡುಗನಾಗಿದ್ದಾಗ ಅದನ್ನು ನೋಡಿದ್ದರು. ಸಾಯುವ ತನಕ ಅದೇ ಕಥೆ. ಅಪ್ಪ ಆ ಕಥೆ ಕೇಳುತ್ತಲೇ ಬೆಳೆದರು, ಬೇಸಾಯ ಮಾಡಿದರು, ಮುದುಕರಾದರು. ಕೆರೆ ತುಂಬಲೇ ಇಲ್ಲ. ಎಷ್ಟೋ ವರ್ಷ ತಳ ಕಾಣುತ್ತಿತ್ತು. ಆಮೇಲೆ 2022ರ ಸೆಪ್ಟೆಂಬರ್ ಶುರುವಿನಲ್ಲಿ, ಹುಬ್ಬೆ ಮಳೆಯಲ್ಲಿ, ನೀರು 130 ಅಡಿ ಮುಟ್ಟಿತು. 89 ವರ್ಷದ ಮೇಲೆ ಕೋಡಿ ಬಿತ್ತು.

ಅಪ್ಪ ಆಟೋ ಮಾಡಿಕೊಂಡು ಹೋಗಿದ್ದರು. ಅಲ್ಲಿಂದ ನನಗೆ ವಿಡಿಯೋ ಕಾಲ್. ನಮ್ಮಲ್ಲಿ ನಡುರಾತ್ರಿ. ನಾನು ಎತ್ತಲಿಲ್ಲ. ಬೆಳಗ್ಗೆ ಎದ್ದಾಗ ಅವರು ಕಳಿಸಿದ ನಲವತ್ತು ಸೆಕೆಂಡಿನ ವಿಡಿಯೋ ಇತ್ತು. ಕೈ ನಡುಗುತ್ತೆ, ಅರ್ಧ ಆಕಾಶ, ಅರ್ಧ ಛತ್ರಿ, ನಡುವೆ ಒಂದಿಷ್ಟು ಕೆಂಪು ನೀರು. ಕೊನೆಯಲ್ಲಿ ಅವರ ದನಿ. “ನಮ್ಮಪ್ಪ ಹೇಳಿದ್ದು ಸುಳ್ಳಲ್ಲ ಕಣೋ.” ಆ ಹೊತ್ತಿನಲ್ಲಿ ನಾನು ಅವರ ಪಕ್ಕ ನಿಂತಿರಬೇಕಿತ್ತು. ಎಷ್ಟು ಸಲ ಹಾಕಿ ನೋಡಿದರೂ ಆ ವಿಡಿಯೋದಲ್ಲಿ ನನಗೆ ಅದೊಂದೇ ಕೇಳಿಸೋದು.

ಬೇಸಿಗೆ ರಜೆ ಇಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಇರುತ್ತೆ. ಊರಿಗೆ ಆಗಲೂ ಹೋಗಬಹುದು. ಟಿಕೆಟ್ ಜಾಸ್ತಿ, ಇಲ್ಲಿ ಬಿಸಿಲಿರೋದೇ ಎರಡು ತಿಂಗಳು, ಮಕ್ಕಳ ಕ್ಯಾಂಪು, ಹೀಗೆ ಏನೋ ಒಂದು ಹೇಳಿಕೊಂಡು ಮುಂದೂಡಿದ್ದೇವೆ. ಆಗಸ್ಟ್ ನಡುವೆ ಮಘೆ ಹುಟ್ಟುತ್ತೆ. ಶೇಂಗಾ ಕಾಯಿ ಕಟ್ಟೋ ಹೊತ್ತು, ಒಂದು ಮಳೆ ಬಿದ್ದರೆ ಊರಿಗೇ ಜೀವ ಬರುತ್ತೆ. ಮಳೆಯಲ್ಲಿ ನೆನೆದು ಹೊಲದಿಂದ ಬಂದರೆ ಅಮ್ಮ ಬಿಸಿ ಮುದ್ದೆ ಹಾಕಿ, ಸಾಕು ಅಂದರೂ ಬಿಡದೆ ಇನ್ನೊಂದು ಇಕ್ಕುತ್ತಿದ್ದರು. “ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು.” ಊರಲ್ಲಿ ಎಲ್ಲರ ಮನೆಯಲ್ಲೂ ಹೇಳೋ ಮಾತು ಅದು. ನಾನು ಮಾತ್ರ ಅಮ್ಮ ನನಗೋಸ್ಕರ ಕಟ್ಟಿದ್ದು ಅಂದುಕೊಂಡಿದ್ದೆ.

ಮಾರನೇ ದಿನ ಮಗಳು ಹೊಸ ಹಾಳೆ ತೆಗೆದು ಹದಿನಾರು ಚೌಕ ಹಾಕಿದಳು. ವಾರ ಕಾಯಲು ಅವಳಿಗೆ ತಾಳ್ಮೆ ಇರಲಿಲ್ಲ, ಆವತ್ತೇ ಫೋನ್ ಮಾಡಿಸಿದಳು. ಒಂದೊಂದನ್ನೂ ಕೇಳುತ್ತಾ ಹೋದಳು. ರೋಹಿಣಿಗೆ ಏನು ಬರೀಲಿ, ಪುಷ್ಯಕ್ಕೆ ಏನು. ಹುಬ್ಬೆ ಬಂದಾಗ ಅಪ್ಪ ತಡವರಿಸಲಿಲ್ಲ.

“ಕೋಡಿ ಮೇಲೆ ನೀರು ಬರಿ. ಪಕ್ಕದಾಗೆ ನಾನು, ಛತ್ರಿ ಹಿಡ್ಕೊಂಡು ನಿಂತಿರೋ ಹಂಗೆ.”

ಅವಳು ಬರೆದಳು. ಛತ್ರಿಗೆ ನೀಲಿ ಬಣ್ಣ ಹಚ್ಚಿದಳು. ಆಮೇಲೆ ಪೆನ್ಸಿಲ್ ಹಿಡಿದುಕೊಂಡೇ ಕೇಳಿದಳು.

“ಅಜ್ಜ, ಅಪ್ಪನ್ನ ಎಲ್ಲಿ ಬರೀಲಿ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಮಘೆಯಾಗೆ ಬರಿ,” ಅಂದರು ಅಪ್ಪ. “ಉಣ್ಣಾಕೆ ಕೂತಿರೋ ಹಂಗೆ.”