ಸ್ಕೋಪ್ ಕೆಟ್ಟಿರಲಿಲ್ಲ, ಸ್ಕ್ರೂ ಉದ್ದವಾಗಿತ್ತು

ಮೂರು ದಿನ ನಾನು ಸ್ಕೋಪನ್ನೇ, ಅಂದ್ರೆ ರೈಫಲ್ ಮೇಲಿನ ದುರ್ಬೀನನ್ನೇ, ಬೈದೆ. ತಪ್ಪು ಸಿಕ್ಕಿದ್ದು ಒಂದು ಪುಟ್ಟ ಸ್ಕ್ರೂ ತುದಿಯಲ್ಲಿ.

ಬಂದೂಕು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ಆಗಿನ್ನೂ ಎರಡನೇ ವರ್ಷ. ಒಬ್ಬ ಗಿರಾಕಿ ಹಳೇ ಮೌಸರ್ ಕೆ98ಕೆ ರೈಫಲ್ ತಂದರು. 1935ರಲ್ಲಿ ಜರ್ಮನ್ ಸೇನೆಗೆ ಬಂದ ಮಾದರಿ ಅದು, ಎರಡನೇ ಮಹಾಯುದ್ಧ ಪೂರ್ತಿ ಅದೇ ಓಡಿದ್ದು. ಇವರ ರೈಫಲ್ಲಿನ ಮರ ಬದಲಾಗಿತ್ತು, ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಬೀಗ ಹಾಕುವ ಭಾಗ) ನಂಬರಿಗೂ ರಿಸೀವರ್ (ಆ ಬೋಲ್ಟ್ ಓಡಾಡುವ ಲೋಹದ ಮೈ) ನಂಬರಿಗೂ ಸಂಬಂಧವೇ ಇರಲಿಲ್ಲ, ಮೇಲೆ ಯಾರೋ ಯಾವ ಕಾಲದಲ್ಲೋ ಸ್ಕೋಪ್ ಕೂರಿಸುವ ಅಡಿಪಟ್ಟಿಗೆ, ಅಂದ್ರೆ ಬೇಸಿಗೆ ಅಂತ ನಾಲ್ಕು ತೂತು ಕೊರೆದಿದ್ದರು. ಅಂದ್ರೆ ಹಳೇದನ್ನು ಹಳೇದಾಗಿಯೇ ಇಟ್ಟುಕೊಳ್ಳುವವರಿಗೆ ಬೇಡದ ಮಾಲು. "ಇದಕ್ಕೊಂದು ಸ್ಕೋಪ್ ಕೂರಿಸಿಕೊಡಿ, ಟಾರ್ಗೆಟ್ ಹೊಡೆಯೋಕೆ" ಅಂದರು. ಲೈಸೆನ್ಸ್ ನೋಡಿದೆ. ಬೋಲ್ಟ್ ಎಳೆದು, ತೋಟೆ ಕೂರುವ ಚೇಂಬರಿಗೆ ಬೆರಳು ಹಾಕಿ ಖಾಲಿ ಅಂತ ಖಾತ್ರಿ ಮಾಡಿಕೊಂಡೆ. ತಂದವರು "ಖಾಲಿ ಇದೆ" ಅನ್ನೋದನ್ನ ನಮ್ಮಲ್ಲಿ ಯಾರೂ ನಂಬೋದಿಲ್ಲ.

ತೂತು ಆಗಲೇ ಇದೆ, ಅರ್ಧ ದಿನದ ಕೆಲಸ ಅಂದುಕೊಂಡೆ.

ಬೇಸ್ ಇಟ್ಟು, ಸ್ಕೋಪನ್ನು ಹಿಡಿಯುವ ರಿಂಗ್ ಇಟ್ಟು, ಸ್ಕೋಪ್ ಸುಮ್ನೆ ಮೇಲೆ ಕೂರಿಸಿ ನೋಡಿದಾಗಲೇ ಮೊದಲ ಪಾಠ ಆಯ್ತು. ಬೋಲ್ಟ್ ಹಿಡಿ ಮೇಲೆತ್ತಿದರೆ ಸ್ಕೋಪಿನ ಹಿಂಭಾಗಕ್ಕೆ ಟಣ್ ಅಂತ ಬಡಿಯಿತು. ಗುಂಡು ಹಾರದಂತೆ ತಡೆಯುವ ಸೇಫ್ಟಿ ತಿರುಗಿಸಲು ಹೋದರೆ ಅದು ಅರ್ಧದಲ್ಲೇ ನಿಂತಿತು. ಹಳೇ ಸೈನ್ಯದ ರೈಫಲ್ಲಿನಲ್ಲಿ ರಿಸೀವರ್ ಮೇಲಿನ ಜಾಗ ನೋಡೋಕೆ ಖಾಲಿ, ಆದರೆ ಅಲ್ಲಿ ಓಡಾಟ ಜಾಸ್ತಿ. ಐದು ತೋಟೆಗಳ ಕ್ಲಿಪ್ ಮೇಲಿಂದಲೇ ಇಳಿಯಬೇಕು. ಬೋಲ್ಟ್ ಹಿಡಿ 90 ಡಿಗ್ರಿ ಏಳಬೇಕು. ಸೇಫ್ಟಿಯ ರೆಕ್ಕೆ ಎಡದಿಂದ ಬಲಕ್ಕೆ ಅರ್ಧ ಸುತ್ತು ಹೊಡೆಯುವಾಗ ನಡುವೆ ನೆಟ್ಟಗೆ ನಿಲ್ಲುತ್ತೆ. ಇದನ್ನೆಲ್ಲ ಮಾಡಿದವರು ಮೇಲೊಂದು ಕೊಳವೆ ಬಂದು ಕೂರುತ್ತೆ ಅಂತ ಲೆಕ್ಕ ಹಾಕಿಯೇ ಇರಲಿಲ್ಲ.

ಆ ಕಾಲದ ಸೈನ್ಯಗಳೂ ಇದೇ ತಲೆನೋವು ಪಟ್ಟಿವೆ. ಸೋವಿಯತ್‌ನವರು ತಮ್ಮ ಮೋಸಿನ್ 91/30 ರೈಫಲ್ಲಿಗೆ 3.5 ಪಟ್ಟು ದೊಡ್ಡದಾಗಿ ತೋರಿಸುವ ಪಿಯು ಸ್ಕೋಪನ್ನು ರಿಸೀವರಿನ ಎಡಗಡೆ ಗೋಡೆಗೆ ಮೌಂಟ್ ಹಾಕಿ ಕೂರಿಸಿದರು. ಅದರ ನೇರ ಬೋಲ್ಟ್ ಹಿಡಿ ಸ್ಕೋಪಿಗೆ ತಾಗುತ್ತೆ ಅಂತ ಕೆಳಕ್ಕೆ ಬಗ್ಗಿದ ಉದ್ದ ಹಿಡಿ ಮಾಡಿದರು. ಬ್ರಿಟಿಷರು ಲೀ-ಎನ್‌ಫೀಲ್ಡ್ ನಂಬರ್ 4 ರೈಫಲ್‌ಗಳನ್ನು ಆರಿಸಿ ಹಾಲಂಡ್ ಅಂಡ್ ಹಾಲಂಡ್ ಕಂಪನಿಗೆ ಕಳಿಸಿ, ಅದರಲ್ಲೂ ಎಡಗಡೆಗೇ ಬ್ರಾಕೆಟ್ ಕೂರಿಸಿದರು. ಜೊತೆಗೆ ಹಿಂದಿನ ಮರಕ್ಕೆ ಕೆನ್ನೆ ಆನಿಸೋಕೆ ಒಂದು ದಿಂಬಿನಂಥ ಮರದ ತುಂಡು. ಸ್ಕೋಪ್ ಮೇಲೇರಿದರೆ ಕಣ್ಣೂ ಮೇಲೇರಬೇಕು, ಹಳೇ ಮರದ ಮೇಲೆ ಕೆನ್ನೆ ಬದಲು ಗದ್ದ ಕೂರುತ್ತೆ ಅಲ್ವಾ, ಅದಕ್ಕೆ. ಅಮೆರಿಕದ 1903ಎ4 ರೈಫಲ್ಲಿನಲ್ಲಂತೂ ಬರಿಗಣ್ಣಲ್ಲಿ ಗುರಿ ನೋಡುವ ಮೂಲ ಸೈಟನ್ನೇ ಬಿಟ್ಟುಬಿಟ್ಟರು, ಸ್ಕೋಪ್ ಒಂದೇ ಗತಿ.

ನನ್ನ ಮುಂದೆ ಇದ್ದದ್ದು ಅಂಥ ಏನೂ ಆಗಿರದ ಸಾದಾ ಕೆ98ಕೆ. ಬೋಲ್ಟ್ ಹಿಡಿಯನ್ನು ಕಾಯಿಸಿ ಬಗ್ಗಿಸಬೇಕಾಯ್ತು. ಇದು ಆತುರದ ಕೆಲಸ ಅಲ್ಲ. ಹಿಡಿ ಕೆಂಪಗಾಗಬೇಕು, ಆದರೆ ಬಿಸಿ ಬೋಲ್ಟಿನ ಮುಂಭಾಗದ ಲಗ್ಗುಗಳಿಗೂ (ಚಾಚಿದ ಹಲ್ಲುಗಳು) ಹಿಂದಿನ ಕ್ಯಾಮಿಗೂ (ಓರೆ ಅಂಚು) ಹೋಗಬಾರದು, ಹೋದರೆ ಅಲ್ಲಿನ ಗಡಸುತನ ಇಳಿದುಹೋಗುತ್ತೆ. ಗುಂಡು ಸಿಡಿದಾಗ ಬೋಲ್ಟನ್ನು ಹಿಡಿದು ನಿಲ್ಲಿಸೋದೇ ಆ ಲಗ್ಗುಗಳು. ಹಾಗಾಗಿ ಬಿಸಿ ತಡೆಯುವ ಪೇಸ್ಟ್ ಬಳಿದು, ಒದ್ದೆ ಬಟ್ಟೆ ಸುತ್ತಿ, ಮೇಸ್ತ್ರಿ ಪಕ್ಕದಲ್ಲಿ ನಿಂತು ಮಾಡಿಸಿದರು. ಸೇಫ್ಟಿಗೆ ಪಕ್ಕಕ್ಕೆ ಕಡಿಮೆ ತಿರುಗುವ ಬೇರೆ ತುಂಡು ಹಾಕಿದೆವು.

ಆಮೇಲೆ ಬೇಸ್ ಗಟ್ಟಿ ಮಾಡಿದೆ. ಸ್ಕ್ರೂ, ತೂತು ಎಲ್ಲದರ ಎಣ್ಣೆ ತೆಗೆದು, ಸ್ಕ್ರೂ ಸಡಿಲಾಗದ ಹಾಗೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಅಂಟು ಒಂದೊಂದು ಹನಿ. ಮುಂದಿನ ಎರಡು ತೂತುಗಳಲ್ಲಿ ಹಿಂದಿನದ್ದು ಬೋಲ್ಟ್ ಲಗ್ಗು ತಿರುಗುವ ಜಾಗಕ್ಕೆ ಆರಪಾರಾಗಿ ಇಳಿಯುತ್ತೆ, ಅಲ್ಲಿ ಉದ್ದ ಸ್ಕ್ರೂ ಹಾಕಿದರೆ ಬೋಲ್ಟೇ ಮುಚ್ಚೋದಿಲ್ಲ. ಅದು ನನಗೆ ಗೊತ್ತಿತ್ತು, ಅದನ್ನು ನೋಡಿ ಚಿಕ್ಕದನ್ನೇ ಹಾಕಿದೆ. ಮೆಚ್ಚಿಕೊಂಡೆ ನನ್ನನ್ನೇ. ಕಣ್ಣಿಗೂ ಸ್ಕೋಪಿಗೂ ಎಂಟೊಂಬತ್ತು ಸೆಂಟಿಮೀಟರ್ ಬರುವ ಹಾಗೆ ಹಿಂದೆ ಮುಂದೆ ಸರಿಸಿದೆ. ಅದು ಕಮ್ಮಿಯಾದರೆ ಒದೆತಕ್ಕೆ ಹುಬ್ಬು ಒಡೆಯುತ್ತೆ. ಗಾರೆ ಕೆಲಸದವರ ತೂಗುಗುಂಡನ್ನು ಇಪ್ಪತ್ತು ಮೀಟರ್ ದೂರದಲ್ಲಿ ತೂಗುಹಾಕಿ, ರೈಫಲ್ ಮಟ್ಟ ಮಾಡಿ, ಸ್ಕೋಪಿನೊಳಗಿನ ನಿಂತ ಗೆರೆಯನ್ನು ಆ ದಾರಕ್ಕೆ ಕೂಡಿಸಿದೆ. ಬೋಲ್ಟ್ ತೆಗೆದು ನಳಿಗೆಯೊಳಗಿಂದ ದೂರದ ಗುರುತು ನೋಡಿ, ಸ್ಕೋಪನ್ನೂ ಅದೇ ಗುರುತಿಗೆ ತಂದೆ. ಎಲ್ಲ ಪುಸ್ತಕದ ಪ್ರಕಾರ.

ರೇಂಜಿಗೆ ಹೋದೆವು. 100 ಮೀಟರ್. ಮೊದಲ ಮೂರು ಗುಂಡು ಒಂದು ಅಂಗೈಯೊಳಗೆ. ನಾಲ್ಕನೆಯದು ಎಡಕ್ಕೆ ಎಂಟು ಸೆಂಟಿಮೀಟರ್. ಐದನೆಯದು ಇನ್ನೂ ಎಡಕ್ಕೆ. ಆರನೆಯದು ವಾಪಸ್ ಮಧ್ಯಕ್ಕೆ! ಸ್ಕೋಪಿನ ಗುರಿ ಸರಿಸುವ ತಿರುಪನ್ನು ಒಂದೊಂದೇ ಕ್ಲಿಕ್ ತಿರುಗಿಸಿ ತಿರುಗಿಸಿ ಬೆರಳು ನೋಯ್ತು. ನಾನು ಸ್ಕೋಪಿನೊಳಗೆ ಏನೋ ಸಡಿಲಾಗಿದೆ ಅಂದೆ. ಬೇರೆ ಸ್ಕೋಪ್ ಹಾಕಿದೆ, ಅದೇ ಕಥೆ. ತೋಟೆ ಬದಲಿಸಿದೆ. ರಿಂಗಿನ ಸ್ಕ್ರೂಗಳನ್ನು ಇನ್ನಷ್ಟು ಬಿಗಿ ಮಾಡಿದೆ, ಅದು ದೊಡ್ಡ ದಡ್ಡತನ, ಸ್ಕೋಪಿನ ಕೊಳವೆಗೆ ಉಂಗುರದ ಗುರುತು ಬಿತ್ತು. ರೈಫಲ್ಲಿಗೆ ಮರವನ್ನು ಹಿಡಿದಿಡುವ ಸ್ಕ್ರೂ ನೋಡಿದೆ. ಮೂರನೇ ದಿನ ಗಿರಾಕಿಗೆ ಫೋನ್ ಮಾಡಿ "ನಿಮ್ಮ ಸ್ಕೋಪ್ ಸರಿ ಇಲ್ಲ ಸಾರ್" ಅಂತ ಹೇಳೋಕೆ ಹೊರಟಿದ್ದೆ.

ಮೇಸ್ತ್ರಿ ಜಾಸ್ತಿ ಮಾತಾಡೋರಲ್ಲ. "ಎರಡು ಸ್ಕೋಪೂ ಒಂದೇ ತರ ಕೆಡುತ್ತಾ? ಎಲ್ಲ ಬಿಚ್ಚಪ್ಪಾ" ಅಂದರು. ಬಿಚ್ಚಿದೆ. "ಬೇಸಿಗೆ ಈ ಮುಂದಿನ ಸ್ಕ್ರೂ ಒಂದೇ ಹಾಕು. ಪೂರ್ತಿ ಬಿಗಿ ಮಾಡು." ಮಾಡಿದೆ. ಸ್ಕ್ರೂಡ್ರೈವರ್ ಇನ್ನು ತಿರುಗಲ್ಲ ಅನ್ನೋ ತನಕ. "ಈಗ ಬೇಸ್ ಅಲ್ಲಾಡಿಸು."

ಟಿಕ್ ಟಿಕ್ ಅಂತ ಅಲ್ಲಾಡಿತು.

ಆ ತೂತು ಆರಪಾರ ಅಲ್ಲ. ಅದರ ಕೆಳಗೆ ನಳಿಗೆ ಇದೆ, ಅಂತ ಹಿಂದೆ ಯಾರೋ ಕೊರೆದವರು ಅಲ್ಲಿಗೇ ನಿಲ್ಲಿಸಿದ್ದಾರೆ. ನನ್ನ ಸ್ಕ್ರೂ ತೂತಿನ ತಳಕ್ಕೆ ಮುಟ್ಟಿ ಅಲ್ಲೇ ಕಚ್ಚಿಕೊಂಡಿದೆ, ಅದರ ತಲೆ ಬೇಸನ್ನು ಒತ್ತಿಯೇ ಇಲ್ಲ. ಕೈಗೆ ಮಾತ್ರ ಬಿಗಿ ಅನಿಸಿದ್ದು. ಬೇಸನ್ನು ಉಳಿದ ಮೂರು ಸ್ಕ್ರೂ ಹಿಡಿದಿವೆ, ಪ್ರತಿ ಗುಂಡಿಗೂ ಅದರ ಮುಂದಿನ ತುದಿ ಸ್ವಲ್ಪ ಸ್ವಲ್ಪ ಜರುಗಿದೆ. ಸ್ಕ್ರೂ ತುದಿಗೆ ಸ್ಕೆಚ್ ಪೆನ್ನಿನ ಬಣ್ಣ ಹಚ್ಚಿ ಮತ್ತೆ ಹಾಕಿ ತೆಗೆದೆ, ತುದಿಯ ಬಣ್ಣ ಉಜ್ಜಿಹೋಗಿತ್ತು, ತಲೆಯ ಕೆಳಗಿನದು ಹಾಗೇ ಇತ್ತು.

ಸ್ವಲ್ಪ ಅಂದ್ರೆ ಎಷ್ಟು ಅಂತ ಆಮೇಲೆ ಲೆಕ್ಕ ಹಾಕಿದೆ. ಹಿಂದಿನ ಸ್ಕ್ರೂಗೂ ಮುಂದಿನದಕ್ಕೂ ಸುಮಾರು 100 ಮಿಲಿಮೀಟರ್ ಅಂದುಕೊಳ್ಳಿ. ಒಂದು ತುದಿ 0.1 ಮಿಲಿಮೀಟರ್ ಜರುಗಿದರೆ 100 ಮೀಟರ್ ದೂರದಲ್ಲಿ ಗುರಿ 10 ಸೆಂಟಿಮೀಟರ್ ಆಚೆ ಹೋಗುತ್ತೆ. ಸಾಮಾನ್ಯ ಸ್ಕೋಪಿನಲ್ಲಿ ಒಂದು ಕ್ಲಿಕ್ ಆ ದೂರಕ್ಕೆ ಏಳು ಮಿಲಿಮೀಟರ್. ಅಂದ್ರೆ ಒಂದು ಕಾಗದದ ದಪ್ಪಕ್ಕೆ ಹದಿನಾಲ್ಕು ಕ್ಲಿಕ್. ನಾನು ಮೂರು ದಿನ ತಿರುಗಿಸಿದ್ದು ಇದನ್ನೇ.

ಸ್ಕ್ರೂ ತುದಿಯನ್ನು ಒಂದು ಸುತ್ತಿನಷ್ಟು ಅರದಿಂದ ಉಜ್ಜಿದೆ. ಆ ಥ್ರೆಡ್ಡು ಇಂಚಿಗೆ 48, ಒಂದು ಸುತ್ತು ಅಂದ್ರೆ ಅರ್ಧ ಮಿಲಿಮೀಟರ್ ಅಷ್ಟೇ. ಬೇಸ್ ಕಲ್ಲಿನ ಹಾಗೆ ಕೂತಿತು. ಗುರುತು ಬಿದ್ದ ಸ್ಕೋಪಿನ ವಿಷಯ ಗಿರಾಕಿಗೆ ಹೇಳಿದೆ, ಅವರು ನಕ್ಕು ಬಿಟ್ಟರು, ನನಗೆ ನಗು ಬರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಇನ್ನೊಬ್ಬರು ಮೋಸಿನ್ 91/30 ತಂದರು. ನಂಬರೆಲ್ಲ ಒಂದೇ, ಹಿಂದಿನ ಮರದ ತುದಿಯ ತಗಡು (ಬಟ್ ಪ್ಲೇಟ್) ಸಹಿತ. ಮರದ ಸಂದಿಯಲ್ಲಿ ಗೋದಾಮಿನ ಗ್ರೀಸು ಇನ್ನೂ ಇತ್ತು. "ಡ್ರಿಲ್ ಹಾಕಿ, ಪಿಯು ತರ ಮಾಡಿಕೊಡಿ" ಅಂದರು. ನಾನು ಆಗಲ್ಲ ಅಂದೆ. ಕೊರೆದ ತೂತನ್ನು ಮತ್ತೆ ಮುಚ್ಚಬಹುದು, ಆದರೆ ಗೊತ್ತಿರುವವರ ಕಣ್ಣಿಗೆ ಅದು ಕಂಡೇ ಕಾಣುತ್ತೆ, ಆಮೇಲೆ ಅದು ಅಸಲಿ ಪಿಯುನೂ ಅಲ್ಲ, ಅಸಲಿ ಸಾದಾ ಮೋಸಿನ್ನೂ ಅಲ್ಲ. ಅವರಿಗೆ ಸಿಟ್ಟು ಬಂತು. ಹಿಂದಿನ ಸೈಟಿನ ಜಾಗದಲ್ಲಿ ಕೂರುವ ಮೌಂಟ್ ತೋರಿಸಿದೆ. ಒಂದು ಪಿನ್ ತಳ್ಳಿದರೆ ಸೈಟಿನ ಎಲೆ ಕಳಚುತ್ತೆ, ಅಲ್ಲೇ ಮೌಂಟ್ ಕೂರುತ್ತೆ, ಅದಕ್ಕೆ ಕಣ್ಣಿನಿಂದ ದೂರ ಇಡುವ ಸ್ಕೋಪೇ ಬೇರೆ ಇದೆ, ಬೋಲ್ಟಿಗೂ ಕ್ಲಿಪ್ಪಿಗೂ ಅಡ್ಡ ಬರೋದಿಲ್ಲ. ಜರ್ಮನ್ನರೂ ತಮ್ಮ 1.5 ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಜೆಡ್‌ಎಫ್41 ಸ್ಕೋಪನ್ನು ಹಿಂದಿನ ಸೈಟಿನ ಪಕ್ಕದಲ್ಲೇ ಕೂರಿಸಿದ್ದು. ನಿಖರತೆ ಸ್ವಲ್ಪ ಕಮ್ಮಿಯಿರಬಹುದು, ನಿಜ. ಆದರೆ ನಾಳೆ ಬೇಡ ಅನಿಸಿದರೆ ಹತ್ತು ನಿಮಿಷದಲ್ಲಿ ಹಳೇ ರೈಫಲ್ ವಾಪಸ್. ಒಂದು ವಾರ ಯೋಚಿಸಿ ಒಪ್ಪಿದರು.

ಕಳಚಿದ ಎಲೆ, ಸ್ಪ್ರಿಂಗು, ಪಿನ್ನು ಮೂರನ್ನೂ ಪ್ಯಾಕೆಟ್ಟಿಗೆ ಹಾಕಿ ಅವರ ಕೈಗೇ ಕೊಟ್ಟೆ. ಆ ಮೌಂಟಿನಲ್ಲೂ ಎರಡು ಪುಟ್ಟ ಸ್ಕ್ರೂ ಇದ್ದವು. ಒಂದೊಂದನ್ನೇ ಹಾಕಿ, ಬಿಗಿ ಮಾಡಿ, ಅಲ್ಲಾಡಿಸಿ ನೋಡಿದೆ. ಮೇಸ್ತ್ರಿ ಆ ಕಡೆ ಬೆಂಚಿನಿಂದ ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ತಮ್ಮ ಕೆಲಸಕ್ಕೆ ಬಗ್ಗಿದರು.