ಲಾರಿ ತುಂಬಿಸೋದು ಅಷ್ಟೇ ಅಲ್ಲ ಮಾರಾಯ್ರೇ

“ಸಪ್ಲೈ ಚೈನ್ ಅಂದ್ರೆ ಎಂತದು? ಲಾರಿಗೆ ಸಾಮಾನು ತುಂಬಿಸೋದು ಅಷ್ಟೇ ಅಲ್ವಾ?”

ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲೂ ಇದೇ ಪ್ರಶ್ನೆ. ನಾನು ಕಾರವಾರದಲ್ಲಿ ಔಷಧಿ ಅಂಗಡಿಗಳಿಗೆ ಮಾಲು ಕೊಡುವವರಲ್ಲಿ ಸ್ಟಾಕ್ ನೋಡಿಕೊಳ್ಳುತ್ತೇನೆ. ಮಾಲು ಹೊರಟಲ್ಲಿಂದ ಬೇಕಾದವರ ಕೈ ಸೇರುವವರೆಗಿನ ಸರಪಳಿಯೇ ಸಪ್ಲೈ ಚೈನ್; ಯಾವುದನ್ನು ಎಷ್ಟು, ಯಾವಾಗ ತರಿಸಿಡಬೇಕು ಅನ್ನುವುದು ಅದರಲ್ಲಿ ನನ್ನ ಲೆಕ್ಕ. ಪ್ರಶ್ನೆಗೆ ಬೇಜಾರಿಲ್ಲ. ಆ ‘ಅಷ್ಟೇ’ ಇದೆಯಲ್ಲ, ಅದು ಉರಿಸುತ್ತದೆ.

ಶಿರಸಿಯಲ್ಲಿ ಒಂದು ಮದುವೆ. ಹಿಂದಿನ ರಾತ್ರಿ ಮಾವ ಎಲೆಯಡಿಕೆ ಹಾಕುತ್ತಾ ಕೇಳಿದರು, “ಗೋಡೌನ್ ಕೆಲಸವನಾ ತಮಾ?” ಅಷ್ಟರಲ್ಲಿ ಅಡಿಗೆ ಭಟ್ಟರು ಬಂದು, “ನಾಳೆ ಎಷ್ಟು ಎಲೆ?” ಎಂದರು. ಬರುವವರು 500 ಎಂದು ಗೊತ್ತಿದ್ದೂ ಮಾವ 550 ಅಂದರು. ಯಾಕೆ? 50 ಎಲೆ ಉಳಿದರೆ ಖರ್ಚು. 10 ಎಲೆ ಕಡಿಮೆಯಾದರೆ ಮರ್ಯಾದೆ. ಭಟ್ಟರು ಇನ್ನೂ ಜಾಣರು. ಹೋಳಿಗೆ ಹಿಂದಿನ ದಿನವೇ ಆಗಬೇಕು, ಉಪಾಯವಿಲ್ಲ. ಅನ್ನ ಮಾತ್ರ ಮೊದಲ ಪಂಕ್ತಿ ನೋಡಿ ಆಮೇಲೆ ಮತ್ತೆ ಇಡುತ್ತಾರೆ.

ಮಾವಾ, ನನ್ನ ಕೆಲಸ ಇದೇ. ನೀವು ಮಾಡಿದರೆ ಯಜಮಾನಿಕೆ, ನಾನು ಮಾಡಿದರೆ ಗೋಡೌನಾ?

ಬಾಯಿಬಿಟ್ಟು ಹೇಳಲಿಲ್ಲ, ಬಿಡಿ. ಮರುದಿನ ಊಟ ಇತ್ತು.

ಯಾರಾದರೂ ಒಮ್ಮೆ ಹೀಗೆ ಕೇಳಲಿ ಅಂತ ನನಗೆ ಆಸೆ: “ನಾಲ್ಕು ದಿನದ ಸ್ಟಾಕ್ ಇಡಬೇಕೋ, ಹದಿನೈದು ದಿನದ್ದೋ, ಹ್ಯಾಗೆ ಗೊತ್ತಾಗ್ತದೆ?”

ನಮ್ಮ ಕರಾವಳಿಯ ಮೀನನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನು ಹಿಡಿಯುವ ಟ್ರಾಲರ್‌ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಮೇ ತಿಂಗಳಲ್ಲೇ ಒಣ ಮೀನು ಡಬ್ಬಿ ಸೇರುತ್ತದೆ. ತಾರೀಕು ಗೊತ್ತಿದ್ದರೆ ಬರೀ ಗುಣಾಕಾರ. ಕಷ್ಟ ಇರುವುದು ತಾರೀಕು ಹೇಳದೆ ಬರುವುದರಲ್ಲಿ.

ಮಂಗಳೂರಿಂದ ನಮ್ಮ ಮಾಲು ಸರಾಸರಿ ಎರಡು ದಿನಕ್ಕೆ ಬರುತ್ತಿತ್ತು. ಆ ಸರಾಸರಿ ನಂಬಿ ನಾಲ್ಕು ದಿನದ್ದು ಇಟ್ಟುಕೊಂಡು ನೆಮ್ಮದಿಯಾಗಿದ್ದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಜೀವಗಳೇ ಹೋದವು, ಅದರ ಮುಂದೆ ನನ್ನ ಮಾಲು ಯಾವ ಲೆಕ್ಕ. ಆದರೂ ಕುಮಟಾದಲ್ಲಿ ನಿಂತ ಗಾಡಿಯಲ್ಲಿ ಇನ್ಸುಲಿನ್ ಇತ್ತು. 2ರಿಂದ 8 ಡಿಗ್ರಿಯ ಒಳಗೇ ಇರಬೇಕಾದ್ದು. ಗುರುತಿನ ಮೆಡಿಕಲ್ ಶಾಪಿನವರ ಕೈಕಾಲು ಹಿಡಿದು ಅವರ ಫ್ರಿಜ್ಜಿನಲ್ಲಿದ್ದ ಜ್ಯೂಸ್ ಬಾಟಲಿ ಹೊರಗಿಡಿಸಿದೆ. ಇತ್ತ ಕಾರವಾರದಲ್ಲಿ ಅಂಗಡಿಯವರ ಫೋನ್ ಮೇಲೆ ಫೋನ್. ನಾನು ಲೆಕ್ಕ ಹಾಕಬೇಕಿದ್ದದ್ದು ಎರಡು ದಿನವನ್ನಲ್ಲ. ಆ ಎರಡು ಎಷ್ಟರವರೆಗೆ ಹಿಗ್ಗಬಹುದು ಅನ್ನುವುದನ್ನು.

ಈಗ ಮಳೆಗಾಲಕ್ಕೆ ಮೊದಲೇ ಹದಿನೈದು ದಿನದ್ದು ತರಿಸಿಡುತ್ತೇನೆ. ಎಲ್ಲದರದ್ದೂ ಅಲ್ಲ. ಕೆಮ್ಮಿನ ಸಿರಪ್ ನಾಲ್ಕು ದಿನ ತಡವಾದರೆ ಕಷಾಯ ಕುಡಿಯಲಿ. “ದುಡ್ಡೆಲ್ಲ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿದೆಯಲ್ಲೋ” ಎಂದು ಸಾಹುಕಾರರು ಗೊಣಗುತ್ತಾರೆ. ಗೊಣಗಲಿ. ಅವರ ಮಗಳ ಮದುವೆಗೆ ಎಷ್ಟು ಎಲೆ ಹೇಳುತ್ತಾರೋ ನಾನೂ ನೋಡುತ್ತೇನೆ.