ಎಲ್ಲರಿಗೂ ಒಂದೇ ಕೊಳಲು ಕೇಳಿಸಿದ್ದು ತಪ್ಪಾಯ್ತು

ಕಂಪನಿಗಳು ಕಾಲೇಜಿಗೆ ಬಂದು ಕೆಲಸಕ್ಕೆ ಆರಿಸುವ ಕಳೆದ ಪ್ಲೇಸ್‌ಮೆಂಟ್ ಡ್ರೈವ್‌ನ ಎಚ್‌ಆರ್ ಸಂದರ್ಶನದ ಶೀಟಿನಲ್ಲಿ ನಮ್ಮ ಹುಡುಗಿಯೊಬ್ಬಳ ಹೆಸರಿನ ಮುಂದೆ ‘ಉತ್ಸಾಹವಿಲ್ಲ’ ಎಂದು ಬರೆದಿತ್ತು. ಟೆಕ್ನಿಕಲ್ ರೌಂಡಿನಲ್ಲಿ ಅವಳದ್ದೇ ಮೊದಲ ಹೆಸರು. ಒಳಗೆ ಹೋಗುವ ಮುಂಚೆ ಇಪ್ಪತ್ತು ನಿಮಿಷ ಕೊಳಲಿನ ಆಲಾಪ ಕೇಳು ಎಂದು ಹೇಳಿದ್ದು ನಾನು. ಕಾರಿಡಾರಿನ ಬೆಂಚಿನ ಮೇಲೆ ಕಣ್ಣುಮುಚ್ಚಿ ಕೂತಿದ್ದಳು, ಸಮಾಧಾನವಾಗಿದ್ದಾಳೆ ಅಂದುಕೊಂಡೆ. ಹೆಸರು ಕರೆದಾಗ ಎರಡನೇ ಕೂಗಿಗೆ ಎದ್ದಳು. ಆಗಲೇ ಹೊಳೆಯಬೇಕಿತ್ತು. "ಜೋಂಪು ಹತ್ತಿದಂಗಾತು ಸರ್, ದನಿನೇ ಏಳ್ಲಿಲ್ಲ" ಅಂದ ಅವಳ ಮಾತು ಇನ್ನೂ ಚುಚ್ಚುತ್ತದೆ.

ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಮನಶ್ಶಾಸ್ತ್ರಜ್ಞರು 1908ರಲ್ಲೇ ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ಅಲ್ಲಿಂದ ಬೆಳೆದ ತಿಳಿವಳಿಕೆ ಇಷ್ಟು: ಮೈಮನಸ್ಸಿನ ಬಿಸಿ ತೀರಾ ಏರಿದರೂ ಕೆಲಸ ಕೆಡುತ್ತದೆ, ತೀರಾ ಇಳಿದರೂ ಕೆಡುತ್ತದೆ. ಹಾಗಾಗಿ ಹಾಡು ಆರಿಸುವ ಮೊದಲು ಮಾಕ್‌ನಲ್ಲಿ, ಅಂದರೆ ಅಭ್ಯಾಸದ ಸಂದರ್ಶನದಲ್ಲಿ, ವಿದ್ಯಾರ್ಥಿಗಳ ದನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಬೇಕು. ಮಾತು ಓಡುತ್ತಿದ್ದರೆ, ಅಂಗೈ ತಣ್ಣಗಿದ್ದರೆ ಆ ಬಿಸಿ ಇಳಿಸುವ ಸಂಗೀತ. ವಾಕ್ಯದ ಕೊನೆ ನುಂಗುತ್ತಿದ್ದರೆ, ಒಂದೇ ಪದದಲ್ಲಿ ಉತ್ತರ ಮುಗಿಸುತ್ತಿದ್ದರೆ ಏರಿಸುವ ಸಂಗೀತ.

ಲಯ ಅಳೆಯಲು ಆ್ಯಪ್ ಬೇಡ. ಕಾಲಿನಲ್ಲಿ ತಾಳ ಹಾಕಿ, 15 ಸೆಕೆಂಡಿನ ಪೆಟ್ಟುಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 60ರಿಂದ 80 ಪೆಟ್ಟು ಬಂದರೆ ಇಳಿಸಲು ಸರಿ. 110ರಿಂದ 130 ಬಂದರೆ ಏರಿಸಲು. 60ರ ಲಯ ಸಿಕ್ಕರೆ ನಾಲ್ಕು ಪೆಟ್ಟಿಗೆ ಉಸಿರು ಒಳಗೆ, ಆರು ಪೆಟ್ಟಿಗೆ ಹೊರಗೆ. ನಿಮಿಷಕ್ಕೆ ಆರು ಉಸಿರಾಟ. ಉಸಿರು ಹೊರಗೆ ಬಿಡುವಾಗ ಎದೆಬಡಿತ ಇಳಿಯುತ್ತದೆ. ಆಲಾಪದಲ್ಲಿ ತಾಳವಿಲ್ಲದ್ದರಿಂದ ಈ ಎಣಿಕೆಗೆ ಅದು ಆಗದು.

ಸಾಹಿತ್ಯವಿರುವ ಹಾಡು ಹಾಕಿಕೊಂಡು ಉತ್ತರ ಮನನ ಮಾಡುವವರೇ ಹೆಚ್ಚು. ಹಾಡಿನ ಪದ, ಉತ್ತರದ ಪದ ಎರಡೂ ತಲೆಯಲ್ಲಿ ಒಂದೇ ಜಾಗಕ್ಕೆ ನುಗ್ಗುತ್ತವೆ. ಓದುವಾಗ ವಾದ್ಯ ಸಂಗೀತವಷ್ಟೇ ಇರಲಿ, ಅದೂ ಸಣ್ಣಗೆ. ಅಳು ಬರಿಸುವ ಹಳೆಯ ಹಾಡು ಎಷ್ಟೇ ಪ್ರಿಯವಾಗಿದ್ದರೂ ಸಂದರ್ಶನದ ದಿನ ಬೇಡ. ಹೊಸ ಹಾಡೂ ಬೇಡ. ವಾರವಿಡೀ ಪ್ರತಿ ಮಾಕ್‌ಗೆ ಮುಂಚೆ ಕೇಳಿದ ಅದೇ ಮೂರು ಹಾಡು, ಒಟ್ಟು ಹನ್ನೆರಡು ನಿಮಿಷ. ಆ ರೂಢಿಯಿಂದಲೇ ಮೈ ಸಿದ್ಧವಾಗುತ್ತದೆ.

ಚಿತ್ರದುರ್ಗದಿಂದ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬರುವವರು ಪೂರ್ತಿ ದಾರಿ ಕಿವಿಗೆ ಹಾಡು ತುಂಬಿಕೊಂಡು ದಣಿದು ಇಳಿಯುತ್ತಾರೆ. ದಾರಿಯ ನಡುವಿನ ಭರಮಸಾಗರದವರೆಗೆ ಏನು ಬೇಕಾದರೂ ಕೇಳಲಿ. ಅಲ್ಲಿಂದ ಇಳಿಯುವವರೆಗೆ ಕಿವಿಗೆ ಬಿಡುವು. ಆ ಹನ್ನೆರಡು ನಿಮಿಷ ದಾವಣಗೆರೆಯಲ್ಲಿ ಇಳಿದು, ನೀರು ಕುಡಿದ ಮೇಲೆ.

ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿ, ಆಟೋಪ್ಲೇ ತೆಗೆಯಿರಿ. ನಡುವೆ ಜಾಹೀರಾತು ಅರಚಿದರೆ ಇಳಿದ ಎದೆಬಡಿತ ಮತ್ತೆ ಏರುತ್ತದೆ. ಬ್ಲೂಟೂತ್‌ಗಿಂತ ವೈರಿನ ಇಯರ್‌ಫೋನ್ ವಾಸಿ. ಆನ್‌ಲೈನ್ ರೌಂಡಿನಲ್ಲಿ ಬ್ಲೂಟೂತ್ ಮೈಕ್ ಆನ್ ಆದೊಡನೆ ಅದು ಕಾಲ್ ಮೋಡ್‌ಗೆ ಜಾರಿ ಶಬ್ದ ಮಂಕಾಗುವುದುಂಟು, ಹಾಡು ಕೇಳಿದ ಫೋನಿಗೇ ಅಂಟಿಕೊಂಡು ಲ್ಯಾಪ್‌ಟಾಪಿಗೆ ಸಿಗದಿರುವುದೂ ಉಂಟು.

ಹಾಡು ನಿಲ್ಲಿಸುವುದು ಒಳಗೆ ಕರೆಯುವ ಹತ್ತು ನಿಮಿಷ ಮುಂಚೆ, ಅದೂ ಹಾಡು ಪೂರ್ತಿ ಮುಗಿದ ಮೇಲೆ. ಅರ್ಧಕ್ಕೆ ಕತ್ತರಿಸಿದ ಹಾಡು ತಲೆಯೊಳಗೆ ಸುತ್ತುತ್ತಲೇ ಇರಬಹುದು. ಆಮೇಲೆ ಸೆಲ್ಫ್ ಇಂಟ್ರೋ ಒಂದು ಸಲ ಗಟ್ಟಿಯಾಗಿ ಹೇಳಬೇಕು. ಆ ಹುಡುಗಿಯಿಂದ ಇದನ್ನು ಮಾಡಿಸಿದ್ದರೆ ದನಿ ಏಳದ್ದು ಬೆಂಚಿನ ಹತ್ತಿರವೇ ಗೊತ್ತಾಗುತ್ತಿತ್ತು. ಆದರೆ ಕಾರಿಡಾರಿನಲ್ಲಿ, ಹಲವು ಕಾಲೇಜುಗಳಿಂದ ಬಂದ ನೂರು ಜನರ ನಡುವೆ ಯಾರು ಗಟ್ಟಿಯಾಗಿ ಮಾತಾಡುತ್ತಾರೆ? ಒಂದು ಖಾಲಿ ರೂಮು ಕೊಡಿ ಎಂದು ಮ್ಯಾನೇಜ್‌ಮೆಂಟಿಗೆ ಮೂರು ಸಲ ಬರೆದಾಯ್ತು. ಸ್ವಾಗತದ ಬ್ಯಾನರಿಗೆ ದುಡ್ಡಿದೆ, ರೂಮಿಗೆ ಬೀಗವಿದೆ. ಸದ್ಯ ಮುಂದಿನ ಡ್ರೈವ್‌ಗೆ ಲ್ಯಾಬಿನ ಹಿಂದಿನ ಸೈಕಲ್ ಸ್ಟ್ಯಾಂಡ್ ಗೊತ್ತು ಮಾಡಿಕೊಂಡಿದ್ದೇವೆ.